ಮೂವತ್ತು ಲಕ್ಷ ಸಾಲ, ನಾಲ್ಕೂವರೆ ಸಾವಿರ ದಿರ್ಹಂ ಸಂಬಳ

ಅಲ್ ನಹ್ದಾದಲ್ಲಿ ರಸ್ತೆ ದಾಟಿದರೆ ದುಬೈ ಮುಗಿದು ಶಾರ್ಜಾ ಶುರು. ಕೆಲಸ ಈ ಕಡೆ, ಕಡಿಮೆ ಬಾಡಿಗೆ ಆ ಕಡೆ. ಹಾಗಾಗಿ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ, ಹುಡುಕುವ ನಮ್ಮ ಹುಡುಗರು ಇಲ್ಲಿಗೇ ಬಂದು ಸೇರುತ್ತಾರೆ. ನನ್ನ ಅಕ್ಕನ ಮಗನೂ 2024ರ ಕೊನೆಯಲ್ಲಿ ವಿಸಿಟ್ ವೀಸಾದಲ್ಲಿ ಇಲ್ಲಿಗೇ ಬಂದ. ಕೈಯಲ್ಲಿ ಇಂಗ್ಲೆಂಡಿನ ಎಂಎಸ್ಸಿ ಇಂಟರ್‌ನ್ಯಾಷನಲ್ ಬಿಸಿನೆಸ್ ಪದವಿ, ದಾವಣಗೆರೆಯ ಬ್ಯಾಂಕಿನಲ್ಲಿ ಶಿಕ್ಷಣ ಸಾಲ.

ಸಾಲ ಪಡೆದದ್ದು 25 ಲಕ್ಷ, ಬಡ್ಡಿ ಶೇ. 11. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕು. ಮನೆಪತ್ರ ಬ್ಯಾಂಕಿಗೆ ಹೋಯಿತು. ಓದುವ ಒಂದು ವರ್ಷ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳಿದ್ದು ಭಾವನಿಗೆ ಚೆನ್ನಾಗಿ ಕೇಳಿಸಿತು. ಆ ಅವಧಿಯಲ್ಲೂ ಬಡ್ಡಿ ಓಡುತ್ತಿರುತ್ತದೆ ಎಂದದ್ದು ಕೇಳಿಸಲಿಲ್ಲ. ಕಂತು ಶುರುವಾಗುವ ಹೊತ್ತಿಗೆ ಸಾಲ 30 ಲಕ್ಷದ ಹತ್ತಿರ ನಿಂತಿತ್ತು. ಹತ್ತು ವರ್ಷಕ್ಕೆ ತಿಂಗಳ ಕಂತು 41,300 ರೂಪಾಯಿ. "ಫಾರಿನ್ ಡಿಗ್ರಿ ಇದ್ದರೆ ಸಂಬಳ ತಾನಾಗೇ ಬರುತ್ತೆ" ಎಂದು ಮನೆಮಂದಿಯ ಬಾಯಿ ಮುಚ್ಚಿಸಿದವರು ಭಾವನೇ. ಅಕ್ಕನಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ. ಅವಳ ಮಾತು ಯಾರೂ ಕೇಳಲಿಲ್ಲ.

ಸೀಟು ಕೊಡಿಸಿದ ಕನ್ಸಲ್ಟೆನ್ಸಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಂಥ ಏಜೆಂಟರಿಗೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುತ್ತವೆ. ಓದಿದ ಮೇಲೆ ಎರಡು ವರ್ಷ ಗ್ರಾಜುಯೇಟ್ ವೀಸಾ ಸಿಗುತ್ತದೆ ಎಂದು ಅವರು ಹೇಳಿದ್ದು ಆಗ ನಿಜವೇ ಆಗಿತ್ತು. ಆ ವೀಸಾ ಮುಗಿದ ಮೇಲೆ ಅಲ್ಲಿ ಉಳಿಯಲು ಕಂಪನಿಯ ಸ್ಪಾನ್ಸರ್‌ಶಿಪ್ ಬೇಕು, ಅದಕ್ಕೆ ಕನಿಷ್ಠ ಸಂಬಳದ ಮಿತಿ ಇದೆ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. 2024ರ ಏಪ್ರಿಲ್ 4ರಂದು ಬ್ರಿಟನ್ ಆ ಮಿತಿಯನ್ನು 26,200 ಪೌಂಡಿನಿಂದ 38,700ಕ್ಕೆ ಏರಿಸಿತು. ಹೊಸ ಪದವೀಧರರಿಗೆ ರಿಯಾಯಿತಿ ಇದ್ದರೂ 30,960 ಪೌಂಡ್ ಬೇಕಿತ್ತು. ಅಂಗಡಿಯಲ್ಲಿ ಪಾರ್ಟ್ ಟೈಮ್ ದುಡಿಯುತ್ತಿದ್ದ ಹುಡುಗನಿಗೆ ಅಷ್ಟು ಕೊಡುವವರು ಯಾರು?

ದುಬೈನಲ್ಲಿ ಅವನ ಮೊದಲ ಇಂಟರ್‌ವ್ಯೂ ಸರಕು ಸಾಗಣೆಯ ವ್ಯವಸ್ಥೆ ಮಾಡುವ ಒಂದು ಫ್ರೈಟ್ ಫಾರ್ವರ್ಡಿಂಗ್ ಕಂಪನಿಯಲ್ಲಿ. ಮ್ಯಾನೇಜರ್ ಮಲಯಾಳಿ, ಇಪ್ಪತ್ತು ವರ್ಷ ಜೆಬೆಲ್ ಅಲಿ ಬಂದರಿನ ಕೆಲಸ ಮಾಡಿದ ಮನುಷ್ಯ. ಸಿವಿ ಓದಲಿಲ್ಲ. ಡ್ರಾಯರ್‌ನಿಂದ ಒಂದು ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೆ ಹಾಕಿದ ಸರಕಿನ ಪತ್ರ, ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ 'ಫ್ರೈಟ್ ಕಲೆಕ್ಟ್' ಎಂದಿತ್ತು. "ಹಡಗಿನ ಬಾಡಿಗೆ ಯಾರು ಕೊಡಬೇಕು?" ಹುಡುಗ ಕಾಗದ ತಿರುಗಿಸಿ ನೋಡಿದ. ಮಾರುವವರು ಎಂದ. ತಪ್ಪು, ಸರಕು ತರಿಸಿಕೊಳ್ಳುವವರು ಕೊಡಬೇಕು. ವ್ಯಾಪಾರ ಷರತ್ತುಗಳಾದ ಎಫ್‌ಒಬಿಗೂ ಸಿಐಎಫ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ಹೆಸರು ಕೇಳಿದ್ದ, ಬಿಡಿಸಿ ಹೇಳಲಾಗಲಿಲ್ಲ. ಭಾರತ-ಯುಎಇ ಸೆಪಾ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಬೇಕಿದ್ದರೆ ಯಾವ ಪತ್ರ ಇರಬೇಕು ಎಂಬುದು ಮೂರನೆಯ ಪ್ರಶ್ನೆ. 2022ರ ಮೇ 1ರಿಂದ ಜಾರಿಯಲ್ಲಿರುವ ಒಪ್ಪಂದ ಅದು. ಉತ್ತರ, ಸರ್ಟಿಫಿಕೇಟ್ ಆಫ್ ಒರಿಜಿನ್. ಅವನ ಥೀಸಿಸ್ ಇದ್ದದ್ದು ಬಹುರಾಷ್ಟ್ರೀಯ ಕಂಪನಿಗಳ ಸಂಸ್ಕೃತಿಯ ಬಗ್ಗೆ. ಮ್ಯಾನೇಜರ್ ಜೋರು ಮಾಡಲಿಲ್ಲ. "ಮೋನೇ, ಇಷ್ಟು ದುಡ್ಡು ಕೊಟ್ಟು ಇದನ್ನೇ ಕಲಿಸಲಿಲ್ವಾ?" ಎಂದರಂತೆ. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ. "ಮಾಮ, ಮನೆ ಹೋಗುತ್ತಾ?" ಎಂದು ಎರಡು ಸಲ ಕೇಳಿದ. ಮರುದಿನ ಬೆಳಿಗ್ಗೆ ಭಾವನಿಗೆ ಬ್ಯಾಂಕಿನಿಂದ ಫೋನ್ ಹೋಗಿತ್ತು.

ಕೊನೆಗೆ ಕೆಲಸ ಸಿಕ್ಕಿತು, 4,500 ದಿರ್ಹಂ. ಆಗಿನ ದರದಲ್ಲಿ ಒಂದು ಲಕ್ಷದ ಮೂರು ಸಾವಿರ ರೂಪಾಯಿ. ಊರಿನಲ್ಲಿ ಕೇಳಿದವರು ಹುಬ್ಬೇರಿಸಿದರು. ಬೆಡ್ ಸ್ಪೇಸ್‌ಗೆ 900, ಊಟ, ಬಸ್ಸು, ಫೋನಿಗೆ ಇನ್ನೊಂದು 900, ಕಂತಿಗೆ 1,800. ಉಳಿಯುವುದು 900 ದಿರ್ಹಂ. ಪಕ್ಕದ ಮಂಚದಲ್ಲಿ ಮಲಗುವ ಬಂಟ್ವಾಳದ ಕಡೆಯ ಹುಡುಗ ಬರೀ ಬಿ.ಕಾಂ. ಓದಿ ಅಕೌಂಟ್ಸ್‌ನಲ್ಲಿದ್ದಾನೆ. 2023ರ ಜೂನ್‌ನಲ್ಲಿ ಇಲ್ಲಿ ಶೇ. 9ರ ಕಾರ್ಪೊರೇಟ್ ತೆರಿಗೆ ಬಂದ ಮೇಲೆ ಅಂಥವರನ್ನು ಕೇಳುವವರಿದ್ದಾರೆ. ಅವನ ಸಂಬಳವೂ ಹೆಚ್ಚುಕಡಿಮೆ ಅಷ್ಟೇ, ಸಾಲ ಮಾತ್ರ ಇಲ್ಲ.

ನಮ್ಮ ಹುಡುಗ ಈಗ ಬಿಲ್ ಆಫ್ ಲೇಡಿಂಗ್ ನೋಡಿದ ತಕ್ಷಣ ತಪ್ಪು ಹಿಡಿಯುತ್ತಾನೆ. ಕೆಲಸಕ್ಕೆ ಸೇರಿದ ಮೇಲೆ ಒಂದು ಕಂತೂ ತಪ್ಪಿಸಿಲ್ಲ. ಅವನ ಬಗ್ಗೆ ನನಗೆ ಹೆಮ್ಮೆಯಿದೆ.

ಹೊರಡಲಿರುವವರಿಗೆ ಹೇಳುವುದು ಇಷ್ಟು. ಓದುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ. ಪದವಿ ಪತ್ರದ ಅಟೆಸ್ಟೇಷನ್ ಅನ್ನು ಲಂಡನ್ನಿನ ಯುಎಇ ರಾಯಭಾರ ಕಚೇರಿಯವರೆಗೆ ಅಲ್ಲಿಂದಲೇ ಮುಗಿಸಿಕೊಂಡು ಬನ್ನಿ. ಇಲ್ಲಿ ಕೆಲಸ ಕೊಡಿಸುತ್ತೇವೆಂದು ವೀಸಾ ದುಡ್ಡು ಕೇಳಿದರೆ ಕೊಡಬೇಡಿ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವುದನ್ನು 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ. ಮನೆಪತ್ರಕ್ಕೆ ಸಹಿ ಹಾಕುವ ತಂದೆತಾಯಂದಿರೇ, ಅದೇ ಕೋರ್ಸ್ ಓದಿ ಮುಗಿಸಿದ ಇಬ್ಬರಿಗಾದರೂ ಫೋನ್ ಮಾಡಿ, ಈಗ ಕೈಗೆ ಎಷ್ಟು ಬರುತ್ತಿದೆ ಎಂದು ನೇರವಾಗಿ ಕೇಳಿ. ಉತ್ತರ ಸಿಗುವ ತನಕ ಸಹಿ ಹಾಕಬೇಡಿ.