ಪಾಠ 9: ಎರಡನೆಯ ಸೂಜಿ ಯಾಕೆ?

ಬಸುರಿಗೆ ನರ್ಸಮ್ಮ ಸೂಜಿ ಹಾಕುತ್ತಾರೆ. ಒಂದಲ್ಲ, ಎರಡು. "ಒಂದು ಹಾಕಿಸಿದ್ದಾಯ್ತಲ್ಲ, ಮತ್ತೆ ಯಾಕೆ?" ಅಂತ ನಮ್ಮಲ್ಲಿ ಎಷ್ಟೋ ಜನ ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ನಮ್ಮ ರಕ್ತದಲ್ಲೇ ಇದೆ. ಬನ್ನಿ, ನೋಡೋಣ.

ಈ ಸೂಜಿ ಧನುರ್ವಾಯುವನ್ನು ತಡೆಯುತ್ತದೆ. ಇದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಕೊಳಕು ಬ್ಲೇಡಿನಿಂದ ಹೊಕ್ಕುಳಬಳ್ಳಿ ಕೊಯ್ದರೆ ಕೂಸಿನ ಮೈ ಸೇರುತ್ತದೆ. ಅಲ್ಲಿ ವಿಷ ಬಿಡುತ್ತದೆ. ಕೂಸಿನ ದವಡೆ ಕಚ್ಚಿಕೊಳ್ಳುತ್ತದೆ. ಹಾಲು ಕುಡಿಯಲು ಆಗುವುದಿಲ್ಲ. ಮೈ ಬಿಲ್ಲಿನ ಹಾಗೆ ಸೆಟೆಯುತ್ತದೆ. ಧನುಸ್ಸು ಅಂದರೆ ಬಿಲ್ಲು. ಅದಕ್ಕೇ ಈ ಹೆಸರು. ಹೀಗೆ ಎಷ್ಟೋ ತಾಯಂದಿರ ಮಡಿಲು ಬರಿದಾಗಿದೆ.

ಸೂಜಿಯಲ್ಲಿ ಏನಿದೆ? ಅದೇ ವಿಷ. ಆದರೆ ಕೇಡು ಮಾಡುವ ಶಕ್ತಿ ತೆಗೆದ ವಿಷ. ಹಲ್ಲು ಕಿತ್ತ ಹಾವು ಇದ್ದ ಹಾಗೆ.

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಇವು ಮೈಯ ಕಾವಲುಗಾರರು. ಇವುಗಳಲ್ಲಿ ಒಂದು ಜಾತಿಯ ಕಣಗಳ ಮೇಲೆ ಕಣ್ಣಿಗೆ ಕಾಣದ ಕೊಕ್ಕೆಗಳಿವೆ. ಒಂದೊಂದು ಕಣದ ಕೊಕ್ಕೆಗೆ ಒಂದೊಂದು ಆಕಾರ. ಕೆಲವೇ ಕಣಗಳ ಕೊಕ್ಕೆಗೆ ಈ ವಿಷ ಸಿಕ್ಕಿಕೊಳ್ಳುತ್ತದೆ. ಆ ಕಣಗಳು ಎಚ್ಚರಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ.

ಕೊಕ್ಕೆ ಹೇಗಿರಬೇಕು ಅನ್ನುವುದು ಕಣದ ಒಳಗೆ ಬರಹದಂತೆ ಇರುತ್ತದೆ. ಕಣ ಹೆಚ್ಚುವಾಗ ಆ ಬರಹ ಅಲ್ಲಲ್ಲಿ ಚೂರು ಬದಲಾಗುತ್ತದೆ. ನಾವು 'ಕರಿ' ಅಂತ ಬರೆದು 'ಕ'ಗೆ ಕೊಂಬು ಕೊಟ್ಟರೆ 'ಕುರಿ' ಆಗುತ್ತದಲ್ಲ, ಹಾಗೆ. ಬರಹ ಬದಲಾದರೆ ಕೊಕ್ಕೆಯೂ ಬದಲಾಗುತ್ತದೆ. ಬಿಗಿಯಾಗಿ ಹಿಡಿಯುವ ಕಣ ಉಳಿಯುತ್ತದೆ. ಸಡಿಲವಾದದ್ದು ಸಾಯುತ್ತದೆ. ಬಿತ್ತನೆಗೆ ನಾವು ಗಟ್ಟಿ ಕಾಳು ಇಟ್ಟುಕೊಂಡು ಜೊಳ್ಳು ತೂರುವುದಿಲ್ಲವೇ? ಇದೂ ಹಾಗೇ. ಈ ಕೆಲಸಕ್ಕೆ ವಾರಗಟ್ಟಲೆ ಬೇಕು.

ಉಳಿದ ಕಣಗಳಲ್ಲಿ ಕೆಲವು ಕೊಕ್ಕೆಗಳನ್ನೇ ರಕ್ತಕ್ಕೆ ಬಿಡುತ್ತವೆ. ಇವೇ ಪ್ರತಿಕಾಯಗಳು. ವಿಷ ಬಂದರೆ ಹಿಡಿದು ಕಟ್ಟಿಹಾಕುತ್ತವೆ. ಇನ್ನು ಕೆಲವು ಕಣಗಳು ಸುಮ್ಮನೆ ಕಾಯುತ್ತವೆ. ಇವು ನೆನಪಿನ ಕಣಗಳು.

ಮೊದಲ ಸೂಜಿಗೆ ಪ್ರತಿಕಾಯ ಸಾಲದು. ಅದಕ್ಕೇ ನಾಲ್ಕು ವಾರ ಬಿಟ್ಟು ಎರಡನೆಯದು. ಆಗ ನೆನಪಿನ ಕಣಗಳು ತಟ್ಟನೆ ಏಳುತ್ತವೆ. ಪ್ರತಿಕಾಯ ಬೇಗ ಬರುತ್ತದೆ, ಹೆಚ್ಚು ಬರುತ್ತದೆ. ಅದು ತಾಯಿಯ ರಕ್ತದಿಂದ ಮಾಸು ದಾಟಿ ಕೂಸಿಗೂ ಸೇರುತ್ತದೆ. ಕೂಸು ಹುಟ್ಟುವಾಗಲೇ ಕಾವಲು ಪಡೆದು ಹುಟ್ಟುತ್ತದೆ.

ಆದರೆ ತಾಯಿಯಿಂದ ಬಂದ ಪ್ರತಿಕಾಯ ಕೆಲವು ತಿಂಗಳಲ್ಲಿ ಕರಗುತ್ತದೆ. ಕೂಸಿಗೆ ಅದರದೇ ನೆನಪಿನ ಕಣ ಬೇಕು. ಅದಕ್ಕೇ 6, 10, 14ನೇ ವಾರದಲ್ಲಿ ಕೂಸಿಗೂ ಲಸಿಕೆ.

ಭಾರತದಲ್ಲಿ ಬಾಣಂತಿಯರ, ಎಳೆಗೂಸುಗಳ ಧನುರ್ವಾಯು ತೀರಾ ಅಪರೂಪವಾಗಿದೆ ಎಂದು 2015ರಲ್ಲಿ ಖಚಿತವಾಯಿತು. ಆದರೂ ರೋಗಾಣು ಮಣ್ಣು ಬಿಟ್ಟು ಹೋಗಿಲ್ಲ. ನಾವು ಸೂಜಿ ಬಿಟ್ಟರೆ ಅದು ಮತ್ತೆ ಬರುತ್ತದೆ. ಎರಡನೆಯದನ್ನು ತಪ್ಪಿಸುವುದು ಬೇಡ.

ಹೇಳಿ ನೋಡೋಣ
1. ಧನುರ್ವಾಯುವಿನ ರೋಗಾಣು ಎಲ್ಲಿರುತ್ತದೆ?
2. ಎರಡು ಸೂಜಿಗಳ ನಡುವೆ ನಾಲ್ಕು ವಾರ ಯಾಕೆ ಬೇಕು?
3. ತಾಯಿ ಸೂಜಿ ಹಾಕಿಸಿದರೂ ಕೂಸಿಗೆ ಲಸಿಕೆ ಯಾಕೆ?

ಓದಿ, ಬರೆಯಿರಿ
ಲಸಿಕೆ, ರೋಗಾಣು, ಪ್ರತಿಕಾಯ, ನೆನಪಿನ ಕಣ

ಮಾಡಿ
ನಿಮ್ಮ ಓಣಿಯಲ್ಲಿ ಬಸುರಿಯರು ಇದ್ದಾರೆಯೇ? ಅವರ ತಾಯಿ ಕಾರ್ಡನ್ನು ನೀವೇ ಓದಿ. ಎರಡನೆಯ ಸೂಜಿಯ ತಾರೀಖು ಹೇಳಿ.