ತರಗತಿಗೆ ಬಂದ ಗಡಿತಂಟೆ



ಜಗಳವಿಲ್ಲದಿದ್ದರೆ ಅದೇ ಶಾಂತಿ ಎಂದು ನಾನು ಬಹಳ ದಿನ ನಂಬಿದ್ದೆ. ಆ ನಂಬಿಕೆ ಮುರಿದದ್ದು ಡೊಂಬಿವಲಿಯ ಒಂದು ತರಗತಿಯಲ್ಲಿ. ಅದನ್ನೇ ಇಲ್ಲಿ ಪಾಠವಾಗಿ ಬರೆಯುತ್ತೇನೆ.

1. ನಡೆದದ್ದು

2022ರ ಡಿಸೆಂಬರ್. ಬೆಳಗಾವಿಯ ಹಿರೇಬಾಗೇವಾಡಿ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದಿದ್ದರು. ಮುಂಬಯಿ ವಿಶ್ವವಿದ್ಯಾಲಯದ ಫೌಂಡೇಶನ್ ಕೋರ್ಸಿನಲ್ಲಿ ಆಗ ಸಂಘರ್ಷದ ಬಗ್ಗೆ ಒಂದು ಪಾಠವಿತ್ತು. ಅದನ್ನು ನಾನು ಹೇಳಿಕೊಡುತ್ತಿದ್ದೆ. ಒಬ್ಬ ಮರಾಠಿ ಹುಡುಗ ಎದ್ದು, "ಸರ್, ಬೆಳಗಾವಿ ಯಾರದು?" ಎಂದ. ಕನ್ನಡದ ಹುಡುಗನೊಬ್ಬ ತಟ್ಟನೆ, "ಯಾರದೇನು, ನಮ್ದೇ!" ಅಂದುಬಿಟ್ಟ. ಗದ್ದಲವೋ ಗದ್ದಲ.

ನಾನೇನು ಮಾಡಿದೆ? ಮಹಾಜನ ಆಯೋಗ ನನಗೆ ಬಾಯಿಪಾಠ. 1966ರಲ್ಲಿ ನೇಮಕ, 1967ರಲ್ಲಿ ವರದಿ. ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ, 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ಮೈಸೂರಿಗೆ ಎಂದೆಲ್ಲ ಬೋರ್ಡಿನ ಮೇಲೆ ಬರೆದೆ. ಹಳ್ಳಿಯನ್ನೇ ಘಟಕವಾಗಿ ಹಿಡಿದು, ಬಹುಸಂಖ್ಯೆಯ ಭಾಷೆ ನೋಡಿ ಗಡಿ ಹಾಕಬೇಕು ಎಂಬ ಮಹಾರಾಷ್ಟ್ರದ ವಾದವನ್ನು ಮಾತ್ರ ಬರೆಯಲಿಲ್ಲ. ಹುಡುಗರು ತೆಪ್ಪಗಾದರು. ಗೆದ್ದೆ ಅಂದುಕೊಂಡೆ.

ಮರುದಿನ ನೋಡಿದರೆ ಮರಾಠಿ ಮಕ್ಕಳು ಒಂದು ಕಡೆ, ಕನ್ನಡದವರು ಇನ್ನೊಂದು ಕಡೆ. ನಡುವೆ ಒಂದು ಸಾಲು ಬೆಂಚು ಖಾಲಿ. ಕಲ್ಯಾಣದಿಂದ ದಿನಾ ಒಂದೇ ಲೋಕಲ್ಲಿನಲ್ಲಿ ನೇತಾಡಿಕೊಂಡು ಬರುವ ಮಕ್ಕಳು ಇವರು! ಗಡಿಯನ್ನು ಎಳೆದವನು ನಾನೇ.

2. ಶಾಸ್ತ್ರ ಏನನ್ನುತ್ತದೆ?

ನಾರ್ವೆಯ ವಿದ್ವಾಂಸ ಯೋಹಾನ್ ಗಾಲ್ಟುಂಗ್ ಶಾಂತಿಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಹೊಡೆದಾಟ ನಿಂತರೆ ನಕಾರಾತ್ಮಕ ಶಾಂತಿ. ಅನ್ಯಾಯ ಕಳೆದು ಸಂಬಂಧ ಬೆಳೆದರೆ ಸಕಾರಾತ್ಮಕ ಶಾಂತಿ. ಸಂಘರ್ಷಕ್ಕೆ ಮೂರು ಮೂಲೆಗಳೆಂದೂ ಅವರು ಹೇಳಿದ್ದಾರೆ: ವರ್ತನೆ, ಮನೋಭಾವ, ಮತ್ತು ಹಿತಗಳ ನಡುವಿನ ವಿರೋಧ. ನಾನು ವರ್ತನೆಯನ್ನಷ್ಟೇ ಅದುಮಿದ್ದೆ. ಉಳಿದೆರಡು ಹಾಗೇ ಇದ್ದವು. ದೊಡ್ಡವರ ಕಥೆಯೂ ಬೇರೆಯಲ್ಲ. ಅದೇ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಕೇಂದ್ರ ಗೃಹಮಂತ್ರಿಗಳೆದುರು ಇಬ್ಬರು ಮುಖ್ಯಮಂತ್ರಿಗಳೂ ಕೂತು, ಸುಪ್ರೀಂ ಕೋರ್ಟು ತೀರ್ಪು ಕೊಡುವತನಕ ಹಕ್ಕು ಸಾಧಿಸುವುದಿಲ್ಲವೆಂದು ಒಪ್ಪಿದರು. ಕಲ್ಲು ನಿಲ್ಲುವುದು ದೊಡ್ಡದೇ. ಆದರೆ ಕಲಿಸುವವನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

3. ಪ್ರಯೋಗ

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒಂದು ನಿಯಮ ಹೇಳಿದ್ದರು: ಎದುರಿನವನ ಮಾತನ್ನು, ಅವನು ಒಪ್ಪುವ ಹಾಗೆ ಮೊದಲು ನೀನು ಹೇಳು, ಆಮೇಲೆ ನಿನ್ನ ಮಾತು. ಕೇಳಲು ಸುಲಭ, ಮಾಡಿ ನೋಡಿ! ಮೊದಲು ತರಗತಿಯ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ ಆ ಇಬ್ಬರು ಹುಡುಗರನ್ನೇ ಕರೆದೆ. ಮೊದಲ ಸಲ ಇಬ್ಬರೂ ಅಣಕಿಸಿದರು. ಎರಡನೆಯ ಸಲ ಅರ್ಧ ಬಿಟ್ಟರು.

ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದಳು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವಳು. ಮನೆಮಾತು ಕನ್ನಡ, ಊರು ಮಹಾರಾಷ್ಟ್ರದ್ದು. "ಸರ್, ನಮ್ಮೂರಾಗ ಗಡಿ ಯಾವ ಕಡೆ ಅಂತ ಕೇಳೂದಿಲ್ರಿ. ಕೊಡ ತುಂಬತೈತೋ ಇಲ್ಲೋ ಅಂತ ಕೇಳ್ತಾರ್ರಿ" ಎಂದಳು. ನಿಜ. ಜತ್ತದ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದ್ದೇ ನೀರಿಗಾಗಿ. ಬೇಡಿಕೆ ಗಡಿಯದು, ಅಗತ್ಯ ನೀರಿನದು. ಫಿಶರ್ ಮತ್ತು ಯೂರಿ 1981ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಪಟ್ಟನ್ನು ನೋಡಬೇಡ, ಪಟ್ಟಿನ ಹಿಂದಿನ ಅಗತ್ಯ ನೋಡು.

ಮೂರನೆಯ ಸಲ ಕನ್ನಡದ ಹುಡುಗ ನಿಧಾನವಾಗಿ ಹೇಳಿದ: "ಬೆಳಗಾವಿಯಲ್ಲಿ ಇವನ ಅತ್ತೆ ಇದ್ದಾರಂತೆ. ಅವರಿಗೆ ಕಚೇರಿಯ ಕಾಗದ ಮರಾಠಿಯಲ್ಲಿ ಬೇಕು. ಇಲ್ಲಿ ಕನ್ನಡ ಶಾಲೆ ಉಳೀಬೇಕು ಅಂತ ನಮ್ಮಪ್ಪನೂ ಓಡಾಡ್ತಾರೆ. ಸರ್... ಇಬ್ಬರೂ ಕೇಳೋದು ಒಂದೇ ಅಲ್ವಾ?"

ಮರಾಠಿ ಹುಡುಗ ತಲೆಯಾಡಿಸಿದ: "ಹೋ, ತೇಚ್."

ಬೆಳಗಾವಿಯ ಪ್ರಶ್ನೆ ಬಗೆಹರಿಯಲಿಲ್ಲ. ಅವನ ಅಭಿಪ್ರಾಯ ಅವನದೇ, ಇವನದು ಇವನದೇ. ಆದರೆ ಆ ವಾರ ಖಾಲಿ ಬೆಂಚಿನಲ್ಲಿ ನಾಲ್ವರು ಬಂದು ಕೂತರು. ಉಳಿದವರು ಕೂರಲಿಲ್ಲ, ಅದನ್ನೂ ಹೇಳಬೇಕು.

4. ನಿಮಗೆ ಅಭ್ಯಾಸ

ಪರಭಾಷೆಯ ನೆಲದಲ್ಲಿ ಬೆಳೆದ ಕನ್ನಡಿಗರು ನಾವು. ಕಡಿಮೆ ಸಂಖ್ಯೆಯವರ ಸಂಕಟ ನಮಗೆ ಗೊತ್ತು. ಗಡಿಯಾಚೆಯ ಮರಾಠಿಗನದೂ ಅದೇ ಸಂಕಟ ಎಂದು ನಾವೇ ತಿಳಿಯದಿದ್ದರೆ ಇನ್ಯಾರು ತಿಳಿಯಬೇಕು? ಮುಂದಿನ ಬಾರಿ ಕ್ಯಾಂಟೀನಿನಲ್ಲೋ ಗಾಡಿಯಲ್ಲೋ ಮಾತು ಬಿಸಿಯಾದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಅವನು ಕೇಳುತ್ತಿರುವುದೇನು? ಅವನಿಗೆ ಬೇಕಾದದ್ದೇನು? ನಾನು ಅದನ್ನು ಹೇಳಿದರೆ ಅವನು "ಹೌದು" ಎನ್ನುತ್ತಾನೆಯೆ?

ಮೂರನೆಯದಕ್ಕೆ ಉತ್ತರ ಸಿಗುವತನಕ ನಿಮ್ಮ ವಾದ ತುಸು ಕಾಯಲಿ. ನಾನು ಕಾಯಲಿಲ್ಲ, ಅದಕ್ಕೇ ಒಂದು ಸಾಲು ಬೆಂಚು ಖಾಲಿಯಾಯಿತು.