ಸೀಸದ ಕಡ್ಡಿ, ಶಾಯಿಯ ಲೇಖನಿ

ನಿತ್ಯವೂ ಕೈಯಲ್ಲಿ ಹಿಡಿಯುವ ವಸ್ತುಗಳನ್ನು ಕುರಿತು ನಾವು ಆಲೋಚಿಸುವುದು ಕಡಿಮೆ. ವಿದ್ಯಾರ್ಥಿಯ ಚೀಲದಲ್ಲಿ ಒಂದು ಪೆನ್ಸಿಲ್ಲೂ ಒಂದು ಪೆನ್ನೂ ಇದ್ದೇ ಇರುತ್ತವೆ. ಒಂದು ಕಳೆದರೆ ಅಂಗಡಿಯಲ್ಲಿ ಮತ್ತೊಂದು ದೊರೆಯುತ್ತದೆ. ಆದರೂ ಬರೆಯುವ ಅಭ್ಯಾಸವುಳ್ಳ ಪ್ರತಿಯೊಬ್ಬರಿಗೂ ಅಚ್ಚುಮೆಚ್ಚಿನ ಲೇಖನಿ ಎಂಬುದೊಂದು ಇರುತ್ತದೆ. ಅದನ್ನು ಇತರರಿಗೆ ಕೊಡಲು ಮನಸ್ಸು ಬಾರದು; ಬೇರೊಂದನ್ನು ಹಿಡಿದರೆ ಅಕ್ಷರ ದುಂಡಾಗದು. ಹಾಗಾದರೆ ಒಳ್ಳೆಯ ಲೇಖನಿ ಯಾವುದು? ಬೆಲೆ ಹೆಚ್ಚಾದದ್ದೇ? ನೋಡಲು ಅಂದವಾದದ್ದೇ? ಮಾಡಬೇಕಾದ ಕೆಲಸಕ್ಕೆ ಒಗ್ಗುವುದೇ ಒಳ್ಳೆಯ ಲೇಖನಿ ಎಂದು ನನ್ನ ಎಣಿಕೆ. ಇದನ್ನು ಮನಗಾಣಲು ಅವುಗಳ ಗುಣವನ್ನು ಸ್ವಲ್ಪ ಅರಿಯಬೇಕು.

ನಮ್ಮ ಹಿರಿಯರ ಬಳಿ ಎರಡು ಬಗೆಯ ಬರಹದ ಸಾಧನಗಳಿದ್ದವು. ಒಂದು ಕಂಟ, ಎಂದರೆ ಕಬ್ಬಿಣದ ಮೊನೆಯುಳ್ಳ ಕಡ್ಡಿ. ಅದರಿಂದ ತಾಳೆಯ ಗರಿಯ ಮೇಲೆ ಅಕ್ಷರಗಳನ್ನು ಕೊರೆದು, ಮೇಲೆ ಮಸಿಯನ್ನು ತೀಡಿ ಒರೆಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಮಸಿ ನಿಂತು ಅಕ್ಷರಗಳು ಕಾಣಿಸಿಕೊಳ್ಳುತ್ತಿದ್ದವು. ಒಮ್ಮೆ ಕೊರೆದುದನ್ನು ಅಳಿಸುವಂತಿರಲಿಲ್ಲ. ಇನ್ನೊಂದು ಬಳಪ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಸೇರಿಸಿ ಬಟ್ಟೆಗೆ ಲೇಪಿಸಿ, ಒಣಗಿಸಿ, ಮಡಿಸಿ ಮಾಡಿದ ಪುಸ್ತಕಕ್ಕೆ ಕಡತವೆಂದು ಹೆಸರು. ಅದರ ಮೇಲೆ ಬಿಳಿಯ ಬಳಪದ ಕಲ್ಲಿನಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಇಂದು ಕಚೇರಿಗಳಲ್ಲಿ ಕಾಗದದ ಕಂತೆಗೆ ‘ಕಡತ’ವೆಂಬ ಹೆಸರು ಉಳಿದಿದೆ, ಕಪ್ಪು ಬಟ್ಟೆ ಮರೆಯಾಗಿದೆ. ಹೀಗೆ ಅಳಿಸಬಹುದಾದ ಬರಹ ಒಂದು, ಅಳಿಸಲಾಗದ ಬರಹ ಇನ್ನೊಂದು ಎಂಬ ಭೇದ ಬಹು ಹಿಂದಿನಿಂದಲೂ ನಮ್ಮಲ್ಲಿದೆ. ಮೊದಲನೆಯದರ ಸ್ಥಾನಕ್ಕೆ ಪೆನ್ಸಿಲ್ಲು ಬಂದಿತು, ಎರಡನೆಯದರ ಸ್ಥಾನಕ್ಕೆ ಪೆನ್ನು ಬಂದಿತು.

ಪೆನ್ಸಿಲ್ಲನ್ನು ನಮ್ಮವರು ಸೀಸದ ಕಡ್ಡಿ ಎಂದು ಕರೆದರು. ನಿಜಕ್ಕೂ ಅದರಲ್ಲಿ ಸೀಸವಿಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೊಡೇಲ್ ಎಂಬ ಕಣಿವೆಯಲ್ಲಿ ಕಪ್ಪಾದ, ಮೆದುವಾದ ಖನಿಜವೊಂದು ದೊರೆಯಿತು. ಅದನ್ನು ಸೀಸದ ಒಂದು ಜಾತಿಯೆಂದೇ ಜನ ತಿಳಿದರು. 1779ರಲ್ಲಿ ರಸಾಯನ ವಿಜ್ಞಾನಿ ಷೀಲೆ ಅದು ಇಂಗಾಲವೆಂದು ತೋರಿಸಿದನು. ಮುಂದೆ ಅದಕ್ಕೆ ಗ್ರಾಫೈಟ್ ಎಂದು ಹೆಸರಾಯಿತು. ತಪ್ಪು ತಿಳಿದುಬಂದರೂ ಹಳೆಯ ಹೆಸರು ಮಾತ್ರ ನಾಲಿಗೆಯ ಮೇಲೆ ಉಳಿಯಿತು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧವಾದಾಗ ಫ್ರಾನ್ಸಿಗೆ ಆ ಖನಿಜ ಬರುವುದು ನಿಂತುಹೋಯಿತು. ಆಗ, 1795ರಲ್ಲಿ, ಕಾಂಟೆ ಎಂಬಾತನು ಗ್ರಾಫೈಟಿನ ಪುಡಿಗೆ ಜೇಡಿಮಣ್ಣನ್ನು ಬೆರೆಸಿ, ಕಡ್ಡಿಗಳನ್ನಾಗಿ ಮಾಡಿ ಸುಡುವ ವಿಧಾನವನ್ನು ಕಂಡುಹಿಡಿದನು. ಜೇಡಿ ಹೆಚ್ಚಾದರೆ ಕಡ್ಡಿ ಗಡುಸಾಗಿ ಗೆರೆ ತೆಳುವಾಗುತ್ತದೆ. ಗ್ರಾಫೈಟ್ ಹೆಚ್ಚಾದರೆ ಕಡ್ಡಿ ಮೆದುವಾಗಿ ಗೆರೆ ಕಪ್ಪಾಗುತ್ತದೆ. ಪೆನ್ಸಿಲ್ಲಿನ ಮೇಲಿನ ‘ಎಚ್’ ಗಡುಸುತನವನ್ನೂ ‘ಬಿ’ ಕಪ್ಪನ್ನೂ ಸೂಚಿಸುತ್ತವೆ. ರೇಖಾಗಣಿತದ ಚಿತ್ರಕ್ಕೆ ಗಡುಸು ಕಡ್ಡಿ, ನೆರಳು ತೀಡಿ ಮರದ ಚಿತ್ರ ಬರೆಯಲು ಮೆದು ಕಡ್ಡಿ, ನಿತ್ಯದ ಬರಹಕ್ಕೆ ಎರಡರ ನಡುವಣ ‘ಎಚ್‌ಬಿ’ ಯೋಗ್ಯ. ಆಯ್ಕೆ ಕೆಲಸವನ್ನು ಅವಲಂಬಿಸಿದೆ ಎಂಬುದಕ್ಕೆ ಇದೇ ನಿದರ್ಶನ.

ಪೆನ್ಸಿಲ್ಲಿಗೆ ಮತ್ತೊಂದು ಗುಣವುಂಟು. ಗ್ರಾಫೈಟ್ ನೀರಿನಲ್ಲಿ ಕರಗದು. ಆದ್ದರಿಂದ ಮಳೆಯ ಹನಿ ಬಿದ್ದರೂ ಪೆನ್ಸಿಲ್ಲಿನ ಬರಹ ಕದಡಿಹೋಗುವುದಿಲ್ಲ. ಕಾಡಿನಲ್ಲಿ ಅಲೆದು ಗಿಡಮರಗಳ ವಿವರವನ್ನು ಗುರುತು ಹಾಕಿಕೊಳ್ಳುವವರಿಗೆ ಇದು ನಂಬಿಕೆಯ ಸಂಗಾತಿ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟರೆ ತಮಿಳುನಾಡಿನ ಗಡಿಗೆ ಮುನ್ನ ಪುಣಜನೂರು ಸಿಗುತ್ತದೆ. ಅಲ್ಲಿಂದ ಮುಂದೆ ದಾರಿಯ ಇಕ್ಕೆಲಗಳಲ್ಲಿಯೂ ಕಾಡು. ಈ ಸೀಮೆಯ ಕಾಡು ಬಿಳಿಗಿರಿರಂಗನ ಬೆಟ್ಟದ ಅರಣ್ಯಕ್ಕೆ ಸೇರಿದುದು. 2011ರಲ್ಲಿ ಅದನ್ನು ಹುಲಿ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ದೇಶದ ಕಾಡುಗಳಲ್ಲಿ ಹುಲಿಗಳನ್ನು ಎಣಿಸುವಾಗ, ನೆಲದ ಮೇಲಿನ ಹೆಜ್ಜೆಗುರುತಿನ ಮೇಲೆ ಗಾಜಿನ ಹಲಗೆಯನ್ನು ಹಿಡಿದು, ಅದರ ಅಂಚನ್ನು ಗಾಜಿನ ಮೇಲೆ ಲೇಖನಿಯಿಂದ ಬಿಡಿಸಿ, ಬಳಿಕ ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. ಈಗ ಆ ಕೆಲಸವನ್ನು ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಮಾಡುತ್ತವೆ. ಆದರೂ ಎಲೆಯೊಂದನ್ನು ಮುಂದಿಟ್ಟುಕೊಂಡು ಅದರ ನರಗಳನ್ನು ಪೆನ್ಸಿಲ್ಲಿನಿಂದ ಬಿಡಿಸಿದವನ ಕಣ್ಣಿಗೆ ಆ ಎಲೆ ಕಂಡಷ್ಟು ಸ್ಪಷ್ಟವಾಗಿ ಸುಮ್ಮನೆ ನೋಡಿದವನಿಗೆ ಕಾಣದು. ಪೆನ್ಸಿಲ್ಲು ಕೈಗೆ ಮಾತ್ರವಲ್ಲ, ಕಣ್ಣಿಗೂ ಪಾಠ ಹೇಳುತ್ತದೆ.

ಇನ್ನು ಪೆನ್ನಿನ ಮಾತು. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವಂತೆ ಇಂಕು ಪೆನ್ನಿನ ಮುಳ್ಳಿನ ಸೀಳಿನಲ್ಲಿ ಶಾಯಿ ಹರಿದು ಬರುತ್ತದೆ. ಒಳಗಿನ ಶಾಯಿ ಹೊರಬರಬೇಕಾದರೆ ಹೊರಗಿನ ಗಾಳಿ ಒಳಹೋಗಬೇಕು. ಇವೆರಡನ್ನೂ ಹದವಾಗಿ ನಡೆಸುವ ಪೆನ್ನಿಗೆ ಅಮೆರಿಕೆಯ ವಾಟರ್‌ಮನ್ 1884ರಲ್ಲಿ ಹಕ್ಕುಪತ್ರ ಪಡೆದನು. ಹಂಗೆರಿಯ ಪತ್ರಕರ್ತ ಬಿರೊ, ವೃತ್ತಪತ್ರಿಕೆಯ ಶಾಯಿ ಬೇಗ ಒಣಗುವುದನ್ನು ಗಮನಿಸಿದನು. ಅಂತಹ ಮಂದವಾದ ಶಾಯಿ ಮುಳ್ಳಿನಲ್ಲಿ ಹರಿಯದೆಂದು, ತುದಿಯಲ್ಲಿ ಉರುಳುವ ಪುಟ್ಟ ಗುಂಡನ್ನು ಇಟ್ಟು 1938ರಲ್ಲಿ ಹಕ್ಕುಪತ್ರ ಪಡೆದನು. ನಾವು ಶಾಲೆಯಲ್ಲಿದ್ದಾಗ ಬಾಲ್‌ಪೆನ್ನಿನಿಂದ ಅಕ್ಷರ ಕೆಡುವುದೆಂದು ಉಪಾಧ್ಯಾಯರು ಅದನ್ನು ಮುಟ್ಟಗೊಡುತ್ತಿರಲಿಲ್ಲ. ಪರೀಕ್ಷೆಯ ನಡುವೆ ಶಾಯಿ ಮುಗಿದರೆ ಪಕ್ಕದವನು ತನ್ನ ಪೆನ್ನಿನಿಂದ ನಾಲ್ಕು ಹನಿಯನ್ನು ಸಾಲ ಕೊಡುತ್ತಿದ್ದನು. ಆ ಸಾಲವನ್ನು ಯಾರೂ ಹಿಂದಕ್ಕೆ ಕೇಳುತ್ತಿರಲಿಲ್ಲ.

ಪೆನ್ನಿನ ಬರಹ ನಿಲ್ಲುವಂಥದು. ಆದುದರಿಂದಲೇ ಸಾಲದ ಪತ್ರಕ್ಕೂ ಭೂಮಿಯ ಪತ್ರಕ್ಕೂ ಪೆನ್ನು ಬೇಕು. ಪೆನ್ನಿನಿಂದ ಬರೆದವನು ತಾನು ಬರೆದುದಕ್ಕೆ ಹೊಣೆಯಾಗುತ್ತಾನೆ. ಹಿಂದೆ ಹಳ್ಳಿಗಳಲ್ಲಿ ಲೇಖನಿ ಒಬ್ಬಿಬ್ಬರ ಕೈಯಲ್ಲಿ ಮಾತ್ರ ಇರುತ್ತಿತ್ತು. ಉಳಿದವರು ಅವರು ಬರೆದುದರ ಕೆಳಗೆ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಹೆಬ್ಬೆಟ್ಟು ಒತ್ತುವುದು ಅವಮಾನವೇನೂ ಅಲ್ಲ. ದುಡಿದ ಕೈಯ ಗುರುತು ಅದು. ಆದರೆ ಮೇಲೆ ಬರೆದಿರುವುದು ಏನೆಂದು ತಿಳಿಯದೆ ಒತ್ತಬೇಕಾದುದು ದೊಡ್ಡ ಕಷ್ಟ. ಹಾಗೆ ಒತ್ತಿ ಹೊಲ ಕಳೆದುಕೊಂಡವರ ಕಥೆಗಳನ್ನು ನಮ್ಮ ಕಡೆಯ ಮುದುಕರು ಹೇಳುತ್ತಿದ್ದರು.

ಗಡಿಯ ಕಡೆಯ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ರಾತ್ರಿ ಶಾಲೆಗೆ ಒಬ್ಬ ಹಿರಿಯರು ಬರುತ್ತಿದ್ದರು. ನೇಗಿಲ ಮೇಣಿ ಹಿಡಿದು ಜಡ್ಡುಗಟ್ಟಿದ ಕೈ ಅವರದು. ಪೆನ್ನು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಮೊದ್ಲು ಕಡ್ಡೀಲಿ ಬರೀತೀನಿ ಕನಿ ಮೇಷ್ಟ್ರೆ, ಕೈ ಕುದುರಿದ ಮೇಲೆ ಪೆನ್ನು ಕೊಡಿ” ಎಂದರು. ಎರಡು ತಿಂಗಳು ಪೆನ್ಸಿಲ್ಲಿನಿಂದ ತಮ್ಮ ಹೆಸರನ್ನು ಬರೆದರು, ಅಳಿಸಿದರು, ಮತ್ತೆ ಬರೆದರು. ಪೆನ್ನು ಹಿಡಿದ ದಿನ ಅವರು ಮೊದಲು ಕೇಳಿದುದು ಸಹಿ ಎಲ್ಲಿ ಹಾಕಬೇಕೆಂದಲ್ಲ. “ಮೇಲೇನು ಬರೆದದೆ, ಓದಿ” ಎಂದು. ಲೇಖನಿಯ ಧರ್ಮವನ್ನು ಅವರಷ್ಟು ಚೆನ್ನಾಗಿ ಅರಿತವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಬರಹಕ್ಕೆ ಇಳಿಯದ ಜ್ಞಾನವೂ ಬರಹದ ನೆರವನ್ನು ಬೇಡುವ ಕಾಲ ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೀಮೆಯ ಸೋಲಿಗರು ತಲೆತಲಾಂತರದಿಂದ ತಮ್ಮ ಕಾಡಿನ ಎಲ್ಲೆಗಳನ್ನೂ, ದೇವರ ತಾಣಗಳನ್ನೂ, ನೀರಿನ ಅಬ್ಬಿಗಳನ್ನೂ ನೆನಪಿನಲ್ಲಿಯೇ ಇಟ್ಟುಕೊಂಡು ಬಂದವರು. ಅವರ ಹಿರಿಯರು ಸಂಶೋಧಕರೊಡನೆ ಕಾಡನ್ನು ಸುತ್ತಿ ಆ ತಾಣಗಳನ್ನೆಲ್ಲ ನಕಾಶೆಯಲ್ಲಿ ಗುರುತು ಮಾಡಿಸಿದರು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಗ್ರಾಮಸಭೆಗಳು ಅರ್ಜಿಗಳನ್ನು ಬರೆದು ಸಲ್ಲಿಸಿದವು. 2011ರಲ್ಲಿ ಅಲ್ಲಿನ ಅನೇಕ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ನೆನಪು ಅವರದೇ, ಕಾಡೂ ಅವರು ಬಾಳಿದ ಕಾಡೇ. ಆದರೂ ಅದನ್ನು ಕಾನೂನಿನ ಮುಂದೆ ಸಾರಿ ಹೇಳಲು ಗೆರೆಯೂ ಅಕ್ಷರವೂ ಬೇಕಾದವು.

ಆದುದರಿಂದ ಪೆನ್ಸಿಲ್ಲನ್ನು ಕೀಳೆಂದೂ ಪೆನ್ನನ್ನು ಮೇಲೆಂದೂ ಎಣಿಸಲಾಗದು. ಕಲಿಯುವಾಗ, ಹುಡುಕುವಾಗ, ಚಿತ್ರ ಬರೆಯುವಾಗ ಪೆನ್ಸಿಲ್ಲು ಇರಲಿ. ಅಳಿಸಲು ನಾಚಿಕೆ ಬೇಡ. ಅಳಿಸಿದ ಗೆರೆಯ ಮೇಲೆಯೇ ಸರಿಯಾದ ಗೆರೆ ಮೂಡುತ್ತದೆ. ತೀರ್ಮಾನಕ್ಕೆ ಬಂದು ಮಾತು ಕೊಡುವಾಗ ಪೆನ್ನು ಇರಲಿ. ಆಗ ಅವಸರ ಬೇಡ. ನಿಮ್ಮ ಮನೆಯಲ್ಲಿ ಓದಲು ಬಾರದ ಅಜ್ಜಿಯೋ ತಾತನೋ ಇದ್ದರೆ, ಅವರ ಮುಂದೆ ಬಂದ ಕಾಗದವನ್ನು ಮೊದಲು ಪೂರ್ತಿಯಾಗಿ ಓದಿ ಹೇಳಿರಿ; ಬಳಿಕ ಅವರ ಕೈಗೆ ಲೇಖನಿಯನ್ನು ಕೊಡಿರಿ. ನಿಮ್ಮ ಅಚ್ಚುಮೆಚ್ಚಿನ ಪೆನ್ನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಅಭ್ಯಾಸ

1. ಕಂಟದ ಬರಹಕ್ಕೂ ಬಳಪದ ಬರಹಕ್ಕೂ ಇರುವ ವ್ಯತ್ಯಾಸವೇನು?
2. ಪೆನ್ಸಿಲ್ಲಿಗೆ ಸೀಸದ ಕಡ್ಡಿ ಎಂಬ ಹೆಸರು ಬರಲು ಕಾರಣವೇನು?
3. ರಾತ್ರಿ ಶಾಲೆಯ ಹಿರಿಯರು ಲೇಖನಿಯ ಧರ್ಮವನ್ನು ಅರಿತವರೆಂದು ಲೇಖಕರು ಹೇಳಲು ಕಾರಣವೇನು?
4. ನಿಮ್ಮ ಊರಿನ ಮರವೊಂದರ ಎಲೆಯನ್ನು ಪೆನ್ಸಿಲ್ಲಿನಿಂದ ಬಿಡಿಸಿ, ಬಿಡಿಸುವಾಗ ಹೊಸದಾಗಿ ಕಂಡುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.